ಗುರುಲಿಂಗಮ್ಮನ ಶರಭನ ಪದ

ಮಸ್ಕಿಯ ಗುರುಲಿಂಗಮ್ಮನಿಗೆ ಒಂದು ರಾಗದ ಹೆಸರೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಹೆಸರು ತಗೊಂಡು ಏನ್ ಮಾಡ್ತೀರಿ, ಹೆಣ್ಣು ಕೊಡಾಕ ಬಂದೀರೇನು?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ದೀಪ ಹಚ್ಚುವ ಹೊತ್ತಿನ ಸುರವನ್ನು ಯಾರಾದರೂ ಹೊತ್ತೇರಿದ ಮೇಲೆ ಗುನುಗಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಭಜನೆಯವರು ತಾಳ ತಪ್ಪಿದರೆ ದೇವರ ಮುಂದೆಯೇ ‘ಥೂ’ ಅನ್ನುವಷ್ಟು ಧೈರ್ಯ. ಅರವತ್ತರ ಹತ್ತಿರ ಬಂದ, ಹಲ್ಲು ಅರ್ಧ ಉದುರಿದ, ಹಣೆ ತುಂಬ ವಿಭೂತಿ ಬಳಿದುಕೊಂಡ ಆ ಹೆಂಗಸು ಬಾಯಿ ತೆರೆದು ಹಾಡಿದಳೆಂದರೆ ಓಣಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಈ ಸಂಗೀತವನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅವಳ ಗಂಡ ಅಮರಗುಂಡಪ್ಪ ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಕಚೇರಿಯಲ್ಲಿ ಮುನ್ಷಿಯಾಗಿದ್ದ. ಉರ್ದುವಿನಲ್ಲಿ ಬರೆಯುವುದು, ಉರ್ದುವಿನಲ್ಲಿ ಓದಿ ಹೇಳುವುದು ಅವನ ಕೆಲಸ. ಮನೆ ಇದ್ದದ್ದು ಛಾವಣಿಯಲ್ಲಿ, ಒಂದು ಕಾಲಕ್ಕೆ ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಕಡೆ. ಹಿತ್ತಲ ಗೋಡೆಯ ಆಚೆ ಅಲ್ಲಾಭಕ್ಷ್ ಎಂಬ ಗವಾಯಿಯ ಮನೆ. ಅವನು ಮುಂಜಾನೆ ತಾನು ಹಾಡುತ್ತಿದ್ದ, ಸಂಜೆ ಕಲಿಯಲು ಬಂದವರಿಂದ ಹಾಡಿಸುತ್ತಿದ್ದ. ಮದುವೆಯಾಗಿ ಬಂದ ಹೊಸತರಲ್ಲೇ ಗುರುಲಿಂಗಮ್ಮ ಬೀಸುವ ಕಲ್ಲನ್ನು ಒಳಗಿನಿಂದ ತೆಗೆಸಿ ಆ ಗೋಡೆಯ ಬುಡಕ್ಕೆ ಹಾಕಿಸಿಕೊಂಡಳು. ಸೊಸೆ ಹಗಲೆಲ್ಲ ಬೀಸುತ್ತಾಳೆಂದು ಅತ್ತೆ ಬಂದವರ ಮುಂದೆಲ್ಲ ಹೊಗಳಿದ್ದೇ ಹೊಗಳಿದ್ದು. ಹಿಟ್ಟಿನ ಡಬ್ಬಿ ಮಾತ್ರ ಯಾಕೆ ತುಂಬುವುದಿಲ್ಲವೆಂದು ಆ ಮುದುಕಿಗೆ ಸಾಯುವವರೆಗೂ ತಿಳಿಯಲಿಲ್ಲ. ಕಲ್ಲು ತಿರುಗಿದರೆ ಹಾಡು ಕೇಳುವುದಿಲ್ಲ. ಹಾಡು ಕೇಳಬೇಕಾದರೆ ಕಲ್ಲು ನಿಲ್ಲಬೇಕು. ಹೆಚ್ಚಾಗಿ ಕಲ್ಲೇ ನಿಲ್ಲುತ್ತಿತ್ತು.

ಆ ಗವಾಯಿಯ ಮುಖವನ್ನು ಅವಳು ಒಮ್ಮೆಯೂ ನೋಡಲಿಲ್ಲ, ನೋಡಬೇಕೆಂದೂ ಅನಿಸಲಿಲ್ಲ. ಸುರ ಬಂದರೆ ಸಾಕಾಗಿತ್ತು. ಆ ಸುರಗಳಲ್ಲೆಲ್ಲ ಅವಳಿಗೆ ಜೀವಕ್ಕಿಂತ ಹೆಚ್ಚಾದ ಪದವೊಂದಿತ್ತು. ಅದನ್ನು ಅವಳು ಶರಭನ ಪದ ಎನ್ನುತ್ತಿದ್ದಳು. ವೀರಭದ್ರನ ಪುರವಂತರು ಖಡ್ಗ ಹಿಡಿದು ‘ಶರಭಾ ಶರಭಾ’ ಎಂದು ಕೂಗುವುದನ್ನು ಹುಟ್ಟಿದಾಗಿನಿಂದ ಕೇಳಿದವಳು. ಸಾಬರಾದರೂ ಈ ಮನುಷ್ಯ ನಮ್ಮ ಶರಭನನ್ನು ಕರುಳು ಕರಗುವ ಹಾಗೆ ಕರೆಯುತ್ತಾನಲ್ಲ ಎಂದು ಅವಳಿಗೆ ಅಚ್ಚರಿ, ಗೌರವ.

ಹರ ಹರ ದೇವ ಸಾಕೀದ ಶರಭಾ,
ರೇಣುಕಾರ್ಯಾ ತೋರೋ ನಗಿಯಾ.

ಹರನೇ, ನಮ್ಮನ್ನು ಸಾಕಿದ ಶರಭನೇ. ಗುರು ರೇಣುಕಾರ್ಯರೇ, ನಗುಮುಖ ತೋರಿಸಿರಿ. ಇಷ್ಟೇ ಪದ. ಅದನ್ನೇ ಹಿಗ್ಗಿಸಿ, ಹೊರಳಿಸಿ, ಮೇಲೆ ಹತ್ತಿಸಿ, ಕೆಳಗಿಳಿಸಿ ಒಂದು ಹೊತ್ತು ಪೂರ್ತಿ ಹಾಡಬಹುದಿತ್ತು. ಇದ್ದೊಬ್ಬ ಮಗಳು ಶೇಖರಮ್ಮನಿಗೆ ಎದೆಹಾಲಿನ ಜೊತೆಗೇ ಇದೂ ಬಂತು. ಸರಿಗಮ ಅವ್ವನಿಗೇ ಬರುತ್ತಿರಲಿಲ್ಲವಾದ್ದರಿಂದ ಪಾಠವೆಲ್ಲ ಮನೆಯ ಮಾತಿನಲ್ಲಿ. ಸುರ ಹಿಡಿದು ನಿಲ್ಲುವ ಜಾಗ ಹೊಸ್ತಿಲು, ಮೇಲಿನದು ಮಾಳಿಗೆ. “ಮಾಳಿಗಿಂದ ಜಿಗೀಬ್ಯಾಡ, ನಿಚ್ಚಣಿಕಿ ಮ್ಯಾಲ ಒಂದೊಂದ ಕಾಲಿಟ್ಟು ಇಳಿ,” ಎನ್ನುವಳು. ತಾಳದ ಮಾತು ಬಂದರೆ, “ಊರೆಲ್ಲಾ ಬೇಕಾದಂಗ ತಿರುಗಾಡಲೇ ಶೇಖ್ರಿ, ಆದ್ರ ಮನೀಗಿ ಹೊತ್ತಿಗೆ ಸರಿಯಾಗಿ ಬಾ.” ಪದದಲ್ಲಿ ಆ ಮನೆ ಇದ್ದದ್ದು ‘ಶರಭಾ’ ಎಂಬ ಮಾತಿನಲ್ಲಿ. ಅವ್ವ, ಮಗಳು ಎಲ್ಲೆಲ್ಲೋ ಹೋಗಿ ಅಲ್ಲಿಗೆ ಕೂಡಿ ಬಂದು ಮುಟ್ಟಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅಷ್ಟು ಸುಖ ಆ ಮನೆಯಲ್ಲಿ ಬೇರೆ ಯಾವುದರಿಂದಲೂ ಸಿಗುತ್ತಿರಲಿಲ್ಲ.

ಯಾಕೆಂದರೆ ಅಮರಗುಂಡಪ್ಪ ಕುಡಿಯುತ್ತಿದ್ದ. ಇದನ್ನು ಮುಚ್ಚಿ ಹೇಳಬೇಕಾದ್ದಿಲ್ಲ. ಲಿಂಗಸುಗೂರಿನಲ್ಲಿ ಅದು ಯಾರಿಗೂ ಮುಚ್ಚಿರಲಿಲ್ಲ. ಕೊರಳಲ್ಲಿ ಲಿಂಗ, ಹೊಟ್ಟೆಯಲ್ಲಿ ಸೆರೆ. ಕುಡಿದಾಗ ಕನ್ನಡ ಮರೆತವನಂತೆ ಹೆಚ್ಚಾಗಿ ಕಚೇರಿಯ ಉರ್ದುವಿನಲ್ಲೇ ಮಾತು, ಗುರುಲಿಂಗಮ್ಮನಿಗೆ ಅದರ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಸಂಜೆ ತೂರಾಡುತ್ತ ಬಂದವನನ್ನು ಗುರುಲಿಂಗಮ್ಮ ಬೈಯಲಿಲ್ಲ, ತವರಿಗೆ ಹೋಗಿ ಕೂರಲೂ ಇಲ್ಲ. ಕಂಬಕ್ಕೆ ಒರಗಿಸಿ, ಎದುರಿಗೆ ಕುಳಿತು ಶರಭನ ಪದ ಹಾಡುತ್ತಿದ್ದಳು. ಸಾಕಿದ ದೇವರೇ, ಇವರನ್ನು ಈ ಚಟದಿಂದ ಬಿಡಿಸು ಎಂದು ಅವಳ ಬೇಡಿಕೆ. ಅಮರಗುಂಡಪ್ಪ ಕಣ್ಣಲ್ಲಿ ನೀರು ಸುರಿಯುವವರೆಗೆ ಕೇಳುತ್ತಿದ್ದ, ನಡುನಡುವೆ ತೊಡೆ ತಟ್ಟಿ “ವಾಹ್! ಇನ್ನೊಮ್ಮೆ ಹಾಡು,” ಎನ್ನುತ್ತಿದ್ದ. ಆ ಕಣ್ಣೀರನ್ನು ನಂಬಿಕೊಂಡೇ ಅವಳು ಬಾಳ್ವೆ ಮಾಡಿದಳು. “ನಿಮ್ಮಪ್ಪ ಕೆಟ್ಟವರಲ್ಲ ಶೇಖ್ರಿ. ಪದ ಕೇಳಿದ್ರ ಹೆಂಗ ಅಳ್ತಾರ ನೋಡು, ಒಳಗ ಭಕ್ತಿ ಐತಿ,” ಎಂದು ಮಗಳಿಗೆ ಹೇಳುತ್ತಿದ್ದಳು.

ರಜಾಕಾರರ ಗಲಾಟೆ ಅಡಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಅಮರಗುಂಡಪ್ಪ ಹೊಟ್ಟೆ ಊದಿಕೊಂಡು ಹಾಸಿಗೆ ಹಿಡಿದ. ಆಗಲೇ ಶೇಖರಮ್ಮ ಮದುವೆಯಾಗಿ ಸಿಂಧನೂರು ಸೇರಿದ್ದಳು. ಸುದ್ದಿ ತಿಳಿದು ಬರುವುದರೊಳಗೆ ಎಲ್ಲ ಮುಗಿದಿತ್ತು. ‘ಹರ... ಹರ... ದೇ...’ ಎಂದು, ‘ದೇವ’ ಎಂಬುದನ್ನು ಪೂರ್ತಿ ಅನ್ನುವಷ್ಟೂ ಉಸಿರಿಲ್ಲದೆ ಪ್ರಾಣ ಬಿಟ್ಟರು ಎಂದು ಗುರುಲಿಂಗಮ್ಮ ಎಲ್ಲರಿಗೂ ಹೇಳಿದಳು. ಕುಡುಕ ಹರನ ನಾಮ ಹಿಡಿದುಕೊಂಡು ಹೋದನಲ್ಲ ಎಂದು ಜನ ದಂಗಾದರು. ಮಣ್ಣಿಗೆ ಬಂದಿದ್ದ ಮಸ್ಕಿಯ ಮಠದ ಕರಿಬಸಯ್ಯನವರು, “ಇಂಥಾ ಸಾವು ನಮಗೂ ಬರಲಿ,” ಅಂದುಬಿಟ್ಟರು. ಅವಳ ಗಂಡನನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಅವಳಿಗೆ ಅಷ್ಟೇ ಸಾಕಾಯಿತು. ತವರೂರು ಮಸ್ಕಿಗೆ ಬಂದು ನೆಲೆಸಿದ ಮೇಲೆ ಅವಳು ತಲೆಯೆತ್ತಿ ತಿರುಗಿದ್ದು ಆ ಸಾವಿನ ಬಲದಿಂದಲೇ.

ಮಸ್ಕಿಯಲ್ಲಿ ಪದ ಓಣಿಯಿಂದ ಓಣಿಗೆ ಹಬ್ಬಿತು. ಇಂಥ ಪುಣ್ಯದ ಪದ ಯಾರಿಗೆ ಬೇಡ? ಕೂಸು ಹುಟ್ಟಿದರೂ ಅದೇ, ಮುದುಕರು ಹೋದರೂ ಅದೇ. ಕರಿಬಸಯ್ಯನವರು ಸೋಮವಾರದ ಪೂಜೆಯಲ್ಲಿ ತಮ್ಮ ಒಡಕು ದನಿಯಲ್ಲಿ ಅದನ್ನೇ ಹಾಡುವುದಕ್ಕೆ ಶುರುಮಾಡಿದರು. ಅವರು ಹಾಡುವಾಗ ಗುರುಲಿಂಗಮ್ಮ ಕಿವಿಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಭಕ್ತಿ ಎಂದು ನೋಡಿದವರು ತಿಳಿದರು.

ಇತ್ತ ಸಿಂಧನೂರಿನಲ್ಲಿ ಶೇಖರಮ್ಮನ ಗಂಡ ಆದೆಪ್ಪ ಜೋಳ, ಶೇಂಗಾದ ವ್ಯಾಪಾರಿ. ಹಾಡು ಕೇಳಿದರೆ ನಿದ್ದೆ ಹೋಗುವ ಒಳ್ಳೆಯ ಮನುಷ್ಯ. ತುಂಗಭದ್ರೆಯ ಕಾಲುವೆಯ ನೀರು ಇಂದು ಬಂತು ನಾಳೆ ಬಂತು ಎಂದು ಊರೆಲ್ಲ ಗದ್ದೆಯ ಕನಸು ಕಾಣುತ್ತಿದ್ದ ವರ್ಷ ಅದು. ಶೇಖರಮ್ಮ ಎರಡನೆಯ ಬಸುರಿ. ಒಂದು ಸಂಜೆ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಒಟ್ಟು ಮಾಡುತ್ತಿದ್ದಾಗ ಪಕ್ಕದ ದರ್ಜಿ ಶಾಮೀದಸಾಬನ ಅಂಗಳದಿಂದ ಮುದಿ ದನಿಯೊಂದು ಎದ್ದಿತು. ಮಾತು ಕೇಳಿಸಲಿಲ್ಲ, ಸುರ ಕೇಳಿಸಿತು. ಶರಭನ ಪದ! ಅವ್ವನ ಹೊಸ್ತಿಲು, ಅವ್ವನ ಮಾಳಿಗೆ, ಒಂದೊಂದೇ ಕಾಲಿಟ್ಟು ಇಳಿಯುವ ಅವ್ವನ ನಿಚ್ಚಣಿಕೆ. ಶೇಖರಮ್ಮ ಮೆಣಸಿನಕಾಯಿಯ ಕೈಯನ್ನೂ ತೊಳೆಯದೆ ಹೊಟ್ಟೆ ಹಿಡಿದುಕೊಂಡು ಓಡಿದಳು.

ಹೊರಸಿನ ಮೇಲೆ ಬಿಳಿ ಗಡ್ಡದ ಮುದುಕ ಕುಳಿತಿದ್ದ. “ನಮ್ಮ ಮಾವ ರೀ ಅಕ್ಕಾರ, ಹೈದ್ರಾಬಾದಿನಿಂದ ಬಂದಾರ. ಮೊದ್ಲು ಲಿಂಗಸುಗೂರಾಗ ಇದ್ರು, ಅಲ್ಲಾಭಕ್ಷ್ ಅಂತ,” ಎಂದ ಶಾಮೀದಸಾಬ.

ಶೇಖರಮ್ಮ ಹೊರಸಿನ ಹತ್ತಿರಕ್ಕೆ ಬಂದಳು. “ಚಾಚಾ, ನಮ್ಮನಿ ನಿಮ್ಮ ಹಿತ್ತಲ ಗ್ವಾಡೀಗಿ ಹತ್ತಿ ಇತ್ರಿ. ನಮ್ಮವ್ವ ನಿಮ್ಮ ಪದ ಎಲ್ಲಾ ಗ್ವಾಡಿ ಆಚೆನ ಕುಂತು ಕಲ್ತಾಳ,” ಅಂದಳು.

ಮುದುಕ ಅವಳ ಕಡೆ ಹೊರಳಿ ಕುಳಿತ. “ಬೀಸಾ ಕಲ್ಲಿನ ಸಪ್ಪಳ ಬರ್ತಿತ್ತು ಬೇಟಿ. ನಾ ಹಾಡಾಕ ಚಾಲೂ ಮಾಡಿದ ಕೂಡ್ಲೆ ಬಂದ್ ಆಗ್ತಿತ್ತು. ಯಾರೋ ಅದಬು, ಮರ್ಯಾದಿ ತಿಳಿದ ಮಂದಿ ಅಂತ ಅನಕೊಂಡಿದ್ದೆ. ಹಾಡು, ಹಾಡು. ಏನ್ ಕಲ್ತೀ ಕೇಳೋಣ.”

ಅವಳು ಅಲ್ಲೇ ನೆಲದ ಮೇಲೆ ಕುಳಿತು ಹಾಡಿದಳು. ಮುದುಕ ಕಣ್ಣು ಮುಚ್ಚಿ ತಲೆದೂಗಿದ. ಮುಗಿದ ಮೇಲೆ, “ಸುರ ಖರೇ ಐತಿ. ಆದ್ರ ಮಾತು ಏನ್ ಹಾಡ್ದಿ ಬೇಟಿ? ಹರ ಹರ ಅಂದ್ಯಲ್ಲಾ?” ಎಂದ. ಶೇಖರಮ್ಮ ಮಾತು ಹೇಳಿದಳು, ಅರ್ಥವನ್ನೂ ಹೇಳಿದಳು. ಅಲ್ಲಾಭಕ್ಷ್ ಬಿದ್ದು ಬಿದ್ದು ನಕ್ಕ. ನಗುತ್ತಲೇ ತನ್ನ ಮಾತನ್ನು ಬಿಡಿಸಿ ಹೇಳಿದ:

ಭರ ಭರ ದೇ ಸಾಕೀ ಶರಾಬಾ,
ರೈನಾ ಕಾರೀ, ದೂರ ನಗರಿಯಾ.

“ಸಾಕೀ ಅಂದ್ರ ಮೈಫಿಲಿನ್ಯಾಗ ಬಟ್ಟಲಕ್ಕ ತುಂಬಿ ಕೊಡಾಕಿ. ತುಂಬಿ ತುಂಬಿ ಕೊಡು ಸಾಕೀ, ರಾತ್ರಿ ಕಪ್ಪೈತಿ, ನಮ್ಮೂರು ದೂರ ಐತಿ ಅಂತ. ಏನು ತುಂಬಿ ಕೊಡಬೇಕ? ಶರಾಬು. ಅದಾ, ಸೆ—” ಎಂದವನು ಅವಳ ಕೊರಳಿನ ಲಿಂಗದ ದಾರ ನೋಡಿ ನಾಲಗೆ ಕಚ್ಚಿಕೊಂಡ. ಕಣ್ಣಲ್ಲಿ ನಕ್ಕ ನೀರು ಇನ್ನೂ ಇತ್ತು.

ಆ ನೀರು ನೋಡಿದ್ದೇ ಶೇಖರಮ್ಮನಿಗೆ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. ಇಡೀ ಮಸ್ಕಿ ದೇವರ ಮುಂದೆ ಸೆರೆ ಬೇಡುತ್ತಿದೆ ಎಂಬುದು ಅವಳಿಗೆ ಆಗ ಹೊಳೆಯಲೇ ಇಲ್ಲ. ಇಂಥದೇ ನೀರನ್ನು ಅವಳು ಎಷ್ಟೋ ಸಂಜೆ ಕಂಬಕ್ಕೆ ಒರಗಿದ ಅಪ್ಪನ ಕಣ್ಣಲ್ಲಿ ನೋಡಿದ್ದಳು. ಅಪ್ಪನಿಗೆ ಉರ್ದು ಬರುತ್ತಿತ್ತು. ಅದೇ ಗೋಡೆಯ ಈಚೆ ಅವನೂ ಇದ್ದ. ಕುಡುಕ ಗಂಡನ ಎದುರು ಹೆಂಡತಿ ಕಣ್ಣು ಮುಚ್ಚಿ, ಕೈಮುಗಿದು, ತುಂಬಿ ತುಂಬಿ ಕೊಡು ಎಂದು ಹಾಡುತ್ತಿದ್ದಳು. ಅವನು ನಕ್ಕು ನಕ್ಕು ಕಣ್ಣೀರು ಸುರಿಸುತ್ತಿದ್ದ. ಅದನ್ನು ಅವ್ವ ಭಕ್ತಿ ಎಂದು ತಿಳಿದಿದ್ದಳು. ಆ ಮೇಲೆ ಇನ್ನೊಂದು ಮಾತು ನೆನಪಿಗೆ ಬಂತು. ಹರ... ಹರ... ದೇ... ಅಪ್ಪ ಸಾಯುವಾಗ ಅಂದದ್ದು ಯಾವುದು? ಭರ... ಭರ... ದೇ...?

ಅವ್ವನಿಗೆ ಇದು ತಿಳಿಯಕೂಡದು. ಇಷ್ಟನ್ನು ಮಾತ್ರ ಶೇಖರಮ್ಮ ಗಟ್ಟಿಮಾಡಿಕೊಂಡಳು. ಊರು ನಗಲಿ, ಮಠ ಹಾಳಾಗಲಿ. ಅವ್ವ ತನ್ನ ಇಡೀ ಬಾಳ್ವೆಯಿಂದ ಉಳಿಸಿಕೊಂಡದ್ದು ಆ ಕಣ್ಣೀರು ಮತ್ತು ಆ ಸಾವು. ಅವೆರಡೂ ಹೋದರೆ ಅವಳ ಕೈಯಲ್ಲಿ ಏನೂ ಇರುವುದಿಲ್ಲ. “ಚಾಚಾ, ನಿಮ್ಮ ಕಾಲು ಬೀಳ್ತೀನಿ, ನಮ್ಮವ್ವ ಇಲ್ಲಿಗಿ ಬಂದಾಗ ಈ ಪದ ಎತ್ತಬ್ಯಾಡ್ರಿ,” ಅಂದಳು. ಮುದುಕ ಎರಡೂ ಕಿವಿ ಮುಟ್ಟಿಕೊಂಡು, “ತೋಬಾ, ಎತ್ತಂಗಿಲ್ಲ ಬೇಟಿ,” ಎಂದು ಮಾತು ಕೊಟ್ಟ.

ಹೆರಿಗೆಯಾಯಿತು, ಹೆಣ್ಣು. ತೊಟ್ಟಿಲು ಹಾಕುವ ದಿನಕ್ಕೆ ಮಸ್ಕಿಯಿಂದ ಗುರುಲಿಂಗಮ್ಮ ಬಸ್ಸಿಳಿದಳು. ಜೊತೆಗೆ ಕೂಸಿಗೆ ಲಿಂಗ ಕಟ್ಟಲು ಕರಿಬಸಯ್ಯನವರು. ಬಂದವಳೇ, “ಕೂಸಿನ ಕಿವ್ಯಾಗ ಮೊದಲು ಬೀಳೋದು ಶರಭನ ಪದಾನ ಆಗ್ಬೇಕು,” ಅಂದಳು.

“ಯವ್ವಾ, ಅದೊಂದ ಯಾಕ? ಬ್ಯಾರೆ ಜೋಗುಳ ಹಾಡು. ನಿಮ್ಮ ಬೀಗತಿಗೆ ಉದ್ದ ಉದ್ದ ಎಳೆಯೋ ಪದ ಸೇರಂಗಿಲ್ಲ,” ಎಂದು ಶೇಖರಮ್ಮ ಅತ್ತೆ ಜಂಬಮ್ಮನ ಮೇಲೆ ಹಾಕಿದಳು. ಪಾಪ, ಆ ಅತ್ತೆಗೆ ಪದದ ಗೊಡವೆಯೇ ಇರಲಿಲ್ಲ.

ಗುರುಲಿಂಗಮ್ಮ ಮಗಳನ್ನು ದಿಟ್ಟಿಸಿದಳು. “ನನ್ನ ಪದ ನಿನಗ ಈಗ ನಾಚಿಕಿ ಆತೇನು?”

“ಹಂಗಲ್ಲ ಯವ್ವಾ...”

“ಹಂಗಂದ್ರ ಸುಮ್ಮನ ಕುಂದ್ರು. ನಿನಗ ಕೊಡಾಕ ನನ್ನತ್ರ ಬಂಗಾರ ಇದ್ದಿಲ್ಲ, ಇದೊಂದ ಇತ್ತು. ನಿನ್ನ ಮಗಳಿಗೂ ಇದ್ನ ಕೊಡಾಕಿ ನಾನು.”

ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ಶೇಖರಮ್ಮ ಹೇಳಲಿಲ್ಲ. ಯಾರ ದನಿಗೆ ಅವ್ವ ಕಲ್ಲು ನಿಲ್ಲಿಸಿ ಕಾಯುತ್ತಿದ್ದಳೋ ಅವನೇ ಗೋಡೆಯಾಚೆ ಕುಳಿತಿದ್ದಾನೆ, ಹೇಳಿದರೆ ಅವ್ವ ಕುಣಿದಾಡಿಯಾಳು, ಹೇಳುವ ಹಾಗಿಲ್ಲ. ಶಾಮೀದಸಾಬನ ಮನೆಯವರನ್ನು ಕರೆಯದೆ ಬಿಡೋಣವೆಂದರೆ ಆದೆಪ್ಪ ಕೇಳಲಿಲ್ಲ. ನೆರೆಮನೆಯವರನ್ನು ಬಿಟ್ಟು ಗುಗ್ಗರಿ ಹಂಚುವುದುಂಟೇ ಎಂದ. ಗಂಡಸರು ಹೊರಗೆ ಕಟ್ಟೆಯ ಮೇಲೆ, ಹೆಂಗಸರು ಒಳಗೆ ತೊಟ್ಟಿಲ ಸುತ್ತ. ಕಟ್ಟೆಯ ತುದಿಯಲ್ಲಿ ಬಿಳಿ ಗಡ್ಡದ ಮುದುಕ.

ಕರಿಬಸಯ್ಯನವರು ಲಿಂಗ ಕಟ್ಟಿ, ವಿಭೂತಿ ಹಚ್ಚಿ ಹೊರಗೆ ಬಂದು ಕುಳಿತರು. ಒಳಗೆ ಗುರುಲಿಂಗಮ್ಮ ತೊಟ್ಟಿಲ ಹಗ್ಗ ಹಿಡಿದು ಎತ್ತಿದಳು. ಹರ ಹರ ದೇವ... ಆ ಹೊತ್ತು ಅವಳ ದನಿ ಹೇಗಿತ್ತೆಂದರೆ, ಗುಗ್ಗರಿ ತಿನ್ನುತ್ತಿದ್ದ ಮಕ್ಕಳೂ ಬಾಯಿ ಆಡಿಸುವುದನ್ನು ನಿಲ್ಲಿಸಿದವು. ಶೇಖರಮ್ಮ ಬಾಗಿಲ ಸಂದಿಯಿಂದ ಮುದುಕನನ್ನೇ ನೋಡುತ್ತಿದ್ದಳು. ಮೊದಲು ಅವನು ತಲೆ ತಗ್ಗಿಸಿ ಕುಳಿತಿದ್ದ. ಆ ಮೇಲೆ ಅವನ ಬೆರಳು ಮೊಣಕಾಲಿನ ಮೇಲೆ ಆಡಿತು. ಗುರುಲಿಂಗಮ್ಮ ಮಾಳಿಗೆ ಹತ್ತಿ, ಅಲ್ಲೇ ತುಸು ನಿಂತು, ಇಳಿಯಲು ಕಾಲಿಟ್ಟಳು. ಅಲ್ಲಿಗೆ ಮುದುಕ ಮಾತು ಕೊಟ್ಟದ್ದನ್ನು ಮರೆತ. ತನ್ನ ಗುರುವಿನ ಎದುರು ಕುಳಿತವನಂತೆ ಮುಖವೆತ್ತಿ, ಇದ್ದ ಉಸಿರನ್ನೆಲ್ಲ ಹಾಕಿ ಅವನೂ ಎತ್ತಿದ. ಭರ ಭರ ದೇ...

ಒಳಗಿನದೂ ಹೊರಗಿನದೂ ಎರಡು ದನಿ ಒಂದೇ ಹಗ್ಗದಂತೆ ಹೊಸೆದುಕೊಂಡು ಹೋದವು. ಗುರುಲಿಂಗಮ್ಮ ಒಂದು ಗಳಿಗೆ ತಡೆದು ಕಿವಿ ನಿಮಿರಿಸಿದಳು. ಆ ದನಿ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಮುಖ ಹದಿನಾರರ ಹುಡುಗಿಯದಾಯಿತು. ಇಬ್ಬರೂ ಕೂಡಿ ಮನೆಗೆ ಬಂದು ಮುಟ್ಟಿದರು: ಒಳಗೆ ‘ಶರಭಾ’, ಹೊರಗೆ ‘ಶರಾಬಾ’.

ಕರಿಬಸಯ್ಯನವರು ಕಟ್ಟೆಯಿಂದ ಜಿಗಿದೆದ್ದರು. ಹೈದರಾಬಾದಿನ ಕೋರ್ಟು ಕಂಡು ಬಂದವರು, ಉರ್ದು ಚೆನ್ನಾಗಿಯೇ ಬಲ್ಲವರು. ಎರಡು ಮಾತು ಅಕ್ಕಪಕ್ಕ ಕೇಳಿದ ಮೇಲೆ ತಿಳಿಯದೆ ಇದ್ದೀತೇ? “ಏ, ನಿಲ್ಲಸ್ರಿ! ಶರಾಬಾ? ಶರಾಬಿನ ಪದಾನ ಇದು? ಲಿಂಗ ಕಟ್ಟಿದ ಕೂಸಿನ ಮುಂದ ಸೆರೆ ಬೇಡಾಕತ್ತೀರೇನು?” ಎಂದು ಕೂಗಿದರು. ಕೂಗಿದವರಿಗೆ ಮಠದ ಸೋಮವಾರಗಳು ನೆನಪಾದುವೆಂದು ತೋರುತ್ತದೆ, ಬಾಯಿ ತೆರೆದದ್ದು ತೆರೆದಂತೆಯೇ ಉಳಿದು, “ಶಿವಶಿವಾ, ನಾನೂ...” ಎನ್ನುತ್ತ ಇದ್ದಲ್ಲೇ ಕುಸಿದು ಕುಳಿತರು. ತೊಟ್ಟಿಲು ತಾನಾಗಿ ತೂಗಾಡಿ ತೂಗಾಡಿ ನಿಂತಿತು.

“ಶರಾಬು ಅಂದ್ರ?” ಎಂದಳು ಗುರುಲಿಂಗಮ್ಮ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಜಂಬಮ್ಮ ತಡೆಯಲಾರದೆ, “ಸೆರೆ ಬೀಗತೆವ್ವಾ, ಸೆರೆ,” ಅಂದಳು.

ಗುರುಲಿಂಗಮ್ಮ ಹಗ್ಗ ಬಿಟ್ಟಳು. ಬೀಗರ ಮನೆಯ ಗಂಡಸರ ಮುಂದೆ ಎಂದೂ ಬರದವಳು ನೆಟ್ಟಗೆ ಹೊಸ್ತಿಲಿಗೆ ಬಂದು ನಿಂತು ಮುದುಕನನ್ನು ನೋಡಿದಳು. ಅಲ್ಲಾಭಕ್ಷ್ ಎದ್ದು ನಿಂತು ಕೈ ಜೋಡಿಸಿದ. “ಮಾಫ್ ಮಾಡು ತಾಯೀ. ಬೇಟಿಗೆ ಮಾತು ಕೊಟ್ಟಿದ್ದೆ. ಆ ಸುರ ಕೇಳಿ ತಡಕೊಳ್ಳಾಕ ಆಗಲಿಲ್ಲ.”

“ಪದದ ಮಾತು ತಪ್ಪಿ ಹಾಡೀನಿ ನಾನು?”

“ಮಾತು ತಪ್ಪೈತಿ ತಾಯಿ.”

“ಸುರ?”

ಮುದುಕ ತಲೆಯಾಡಿಸಿದ. “ಕೂದಲೆಳಿಯಷ್ಟೂ ತಪ್ಪಿಲ್ಲ. ನಾ ಕಲಿಸಿದ ಶಾಗಿರ್ದರಾಗ ಒಬ್ಬನಿಗೂ ಅಲ್ಲಿಂದ ಹಂಗ ಇಳಿಯಾಕ ಬರಂಗಿಲ್ಲ.”

ಗುರುಲಿಂಗಮ್ಮ ಅಷ್ಟು ಜನರ ನಡುವೆ ಅವನಿಗೆ ಬಗ್ಗಿ ನಮಸ್ಕಾರ ಮಾಡಿ ಒಳಗೆ ಹೋದಳು. ಶೇಖರಮ್ಮನಿಗೆ ಹೋದ ಜೀವ ಬಂದಂತಾಯಿತು. ಅವ್ವ ತಾಳಿಕೊಂಡಳು, ಗಂಡಾಂತರ ಕಳೆಯಿತು ಎಂದುಕೊಂಡಳು. ಸಂಜೆಯ ಹೊತ್ತಿಗೆ ಅವ್ವ ಕರಿಬಸಯ್ಯನವರಿಗೆ, “ಬಿಡ್ರಿ ಅಜ್ಜಾರ, ನೀವು ಹಾಡಿದ್ದು ದೇವರಿಗೂ ತಿಳಿದಿರಂಗಿಲ್ಲ,” ಎಂದು ಹೇಳಿ ಕಳಿಸಿದ್ದನ್ನು ಕೇಳಿ ಅವಳಿಗೆ ನಗುವೂ ಬಂತು.

ಮರುದಿನ ಬಂದವರೆಲ್ಲ ಹೋದ ಮೇಲೆ, ಮಧ್ಯಾಹ್ನ, ಬಾಣಂತಿಯ ಕೋಣೆಯಲ್ಲಿ ಕೂಸಿನ ಕುಂಚಿಗೆ ಮಡಚುತ್ತ ಕುಳಿತಿದ್ದ ಗುರುಲಿಂಗಮ್ಮನ ಕೈ ನಿಂತುಬಿಟ್ಟಿತು. “ನಿಮ್ಮಪ್ಪಗ ಉರ್ದು ಬರ್ತಿತ್ತಲ್ಲ,” ಅಂದಳು.

ಶೇಖರಮ್ಮ ಕೂಸಿನ ಕಡೆಗೆ ಹೊರಳಿದಳು. “ಯಾಕ ಯವ್ವಾ ಅದೆಲ್ಲಾ ಈಗ?”

“ಅವರು ಅಳ್ತಿದ್ದಿಲ್ಲ. ನಗ್ತಿದ್ರು.”

“ಅಪ್ಪ ನಿನ್ನ ಸುರ ಕೇಳಿ ಅಳ್ತಿದ್ದ. ನಾ ನೋಡೀನಲ್ಲ.”

“ನೀನೂ ನೋಡೀದಿ, ನಾನೂ ನೋಡೀನಿ. ನಗಲಿ ಬಿಡು. ಕುಡಕ ಗಂಡಗ ಹೇಂತಿ ಕುಂತು ಸೆರೆ ಪದ ಹಾಡಿದ್ರ ಯಾರಿಗೆ ನಗಿ ಬರಂಗಿಲ್ಲ? ಬ್ಯಾಡ ಅನಲಿಲ್ಲ, ಜಾಡಿಸಲಿಲ್ಲ, ಇನ್ನೊಮ್ಮೆ ಹಾಡು ಅಂದ್ರು. ಹೇಳಿಬಿಟ್ಟಿದ್ರ ನಾ ಹಾಡೋದು ಬಿಡ್ತಿದ್ದೆ. ಹಾಡಲಿ ಅಂತಾನ ಹೇಳಿರಕ್ಕಿಲ್ಲ.” ಇಷ್ಟನ್ನು ಅವಳು ಮೆತ್ತಗೆ, ತನಗೇ ಹೇಳಿಕೊಂಡಂತೆ ಹೇಳಿದಳು. ಆ ಮೇಲೆ ಕುಂಚಿಗೆಯನ್ನು ಕೆಳಗಿಟ್ಟಳು. ಶೇಖರಮ್ಮ ಯಾವುದಕ್ಕೆ ಹೆದರಿದ್ದಳೋ ಅದು ಬಂತು.

“ಶೇಖ್ರಿ. ಹೋಗೋ ಮುಂದ ಅವರು ಹರ ಅನ್ನಲಿಲ್ಲ.”

“ಅಂದಾನ! ಹರ ಅಂತಾನ ಅಂದಾನ ಅಪ್ಪ. ಇಲ್ಲದ್ದು ಹಚಗೋಬ್ಯಾಡ ಯವ್ವಾ.”

“ಹ ಅನ್ನು.”

“ಏನು?”

“ಹ ಅನ್ನು ಬಾಯಿ ತೆಗೆದು.” ಶೇಖರಮ್ಮ ಅಂದಳು. “ತುಟಿ ಕೂಡ್ತಾವೇನು? ಕೂಡಂಗಿಲ್ಲ. ಭ ಅನ್ನು. ಕೂಡಿದ್ವಿಲ್ಲೋ? ಅವರ ತುಟಿ ಕೂಡಿದ್ವು. ಎರಡು ಸಲ ಕೂಡಿದ್ವು. ಒಣಗಿ ಒಂದಕ್ಕೊಂದು ಅಂಟಿ, ಬಿಡಿಸಾಕ ತ್ರಾಸ ಆಗಾಕತ್ತಿತ್ತು. ನಾ ನೋಡಿಕೋತ ಕುಂತಿದ್ದೆ.”

ಮಗಳದೇ ತುಟಿ ಅವಳ ಅಪ್ಪನ ಮೇಲೆ ಸಾಕ್ಷಿ ಹೇಳಿಬಿಟ್ಟಿತ್ತು. ಕೂಸು ಮಿಸುಕಿತು, ಇಬ್ಬರೂ ನೋಡಲಿಲ್ಲ.

“ನೀ ಹಾಡು,” ಅಂದಳು ಗುರುಲಿಂಗಮ್ಮ. “ಖರೇ ಮಾತು ಹಾಕಿ ಹಾಡು. ಅವರು ಕೇಳಿದಂಗ ನಾ ಒಮ್ಮೆ ಕೇಳ್ಬೇಕು.”

“ಬ್ಯಾಡ ಯವ್ವಾ.”

“ಹಾಡಲೇ.”

ಶೇಖರಮ್ಮ ಎತ್ತಿದಳು. ಭರ ಭರ ದೇ... ಎರಡನೆಯ ‘ಭರ’ಕ್ಕೆ ಅಳು ಬಂದು ದನಿ ಸೀಳಿತು.

“ಅಳಬ್ಯಾಡ, ಸುರ ಕೆಡ್ತೈತಿ. ಮತ್ತ ಮೊದಲಿಂದ,” ಅಂದಳು ಅವ್ವ.

ಅವಳು ಮತ್ತೆ ಮೊದಲಿನಿಂದ ಹಾಡಿದಳು. ಈ ಸಲ ತಪ್ಪಲಿಲ್ಲ. ಹತ್ತಬೇಕಾದಲ್ಲಿ ಹತ್ತಿ, ಒಂದೊಂದೇ ಕಾಲಿಟ್ಟು ಇಳಿದು, ಶರಾಬಾ ಎಂಬ ಮಾತಿನ ಮೇಲೆ ಬಂದು ನಿಂತಳು. ಗುರುಲಿಂಗಮ್ಮ ಕಣ್ಣು ಮುಚ್ಚದೆ, ಮಗಳ ತುಟಿಯನ್ನೇ ನೋಡುತ್ತ ಕೊನೆಯವರೆಗೆ ಕೇಳಿದಳು.

“ಹಕೀಮ ಹೊಟ್ಟ್ಯಾಗ ನೀರು ತುಂಬೈತಿ, ಹೊರಗಿಂದ ಒಂದು ಹನಿ ಹಾಕಬ್ಯಾಡ್ರಿ ಅಂದಿದ್ದ. ತಂಬಿಗಿ ನನ್ನ ಬಾಜೂಕ ಇತ್ತು,” ಅಂದಳು. “ತುಂಬಿ ಕೊಡು, ತುಂಬಿ ಕೊಡು ಅಂದಾರ. ನಾ ಹಾಡಿಕೋತ ಕುಂತೆ. ಎಷ್ಟು ನೀರಡಿಸಿತ್ತೋ ಏನೋ ಆ ಜೀವಕ್ಕ.”